ಮಕಾರವಿಲ್ಲದ ವಾರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ದೊಡ್ಡ ಹಬ್ಬ. ಅದರ ಹೆಸರು ಥ್ಯಾಂಕ್ಸ್‌ಗಿವಿಂಗ್. ಬೆಳೆ ಮನೆಗೆ ಬಂದ ಮೇಲೆ ದೇವರನ್ನು ನೆನೆಯುವ ದಿನವಾಗಿ ಮೊದಲಾದದ್ದು, ಈಗ ದೂರದ ಊರುಗಳಲ್ಲಿರುವ ಮಕ್ಕಳೆಲ್ಲ ತಂದೆತಾಯಿಯರ ಮನೆಗೆ ಬಂದು ಒಂದೇ ಮೇಜಿನ ಸುತ್ತ ಕುಳಿತು ಉಣ್ಣುವ ದಿನವಾಗಿದೆ. ನಮ್ಮ ಸುಗ್ಗಿಯ ಸಂಕ್ರಾಂತಿಗೆ ದೀಪಾವಳಿಯ ನೆಂಟರ ಗದ್ದಲವನ್ನು ಕೂಡಿಸಿದರೆ ಹೇಗೋ ಹಾಗೆ ಎನ್ನಬಹುದು. ಹಬ್ಬದೂಟವಾದ ಮೇಲೆ ನಮ್ಮಲ್ಲಿ ಎಲೆಯಡಿಕೆ ಮತ್ತು ನಿದ್ರೆ, ಅಲ್ಲಿ ಫುಟ್‌ಬಾಲ್. ಇದು ನಿನ್ನೆ ಮೊನ್ನೆಯ ವಾಡಿಕೆಯಲ್ಲ. 1876ರಲ್ಲಿಯೇ ಯೇಲ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಈ ಹಬ್ಬದ ದಿನ ಒಬ್ಬರ ಮೇಲೊಬ್ಬರು ಬಿದ್ದು ಸೆಣಸಿದ್ದರು. ಈಗ ಗುರುವಾರ ಹೆಚ್ಚಾಗಿ ವೃತ್ತಿಯ ಆಟಗಾರರಿಗೆ ಮೀಸಲು. ಶುಕ್ರವಾರ ಮತ್ತು ಶನಿವಾರ ಮಾತ್ರ ಬೆಳಗಿನಿಂದ ನಡುರಾತ್ರಿಯವರೆಗೆ ಕಾಲೇಜುಗಳವು.

2024ರ ಹಬ್ಬಕ್ಕೆ ನಾನು ಒಹಾಯೊ ಸಂಸ್ಥಾನದ ಕೊಲಂಬಸ್ ನಗರದಲ್ಲಿ ಮಗಳ ಮನೆಯಲ್ಲಿದ್ದೆ. ಆ ವಾರ ವಿಶ್ವವಿದ್ಯಾನಿಲಯದ ಆವರಣದಲ್ಲಿ ಅಡ್ಡಾಡಲು ಹೋದವನಿಗೆ ಒಂದು ವಿಚಿತ್ರ ಕಾಣಿಸಿತು. ಫಲಕಗಳ ಮೇಲಿದ್ದ ಇಂಗ್ಲಿಷಿನ ‘ಎಮ್’ ಅಕ್ಷರಕ್ಕೆಲ್ಲ ಕೆಂಪು ಪಟ್ಟಿ ಅಂಟಿಸಿ ಅಡ್ಡಗೆರೆ ಹೊಡೆದಿದ್ದರು. ಶನಿವಾರದ ಎದುರಾಳಿ ನೆರೆಯ ಸಂಸ್ಥಾನದ ಮಿಷಿಗನ್ ವಿಶ್ವವಿದ್ಯಾನಿಲಯ. ಅದರ ಮೊದಲಕ್ಷರ ಈ ಊರಿನ ಕಣ್ಣಿಗೆ ಬೀಳಬಾರದು! ಮೂವತ್ತು ವರ್ಷ ಮಕ್ಕಳಿಗೆ ಲೋಪಸಂಧಿಯನ್ನು ಕಲಿಸಿದವನು ನಾನು. ದ್ವೇಷದಿಂದ ಒಂದು ಅಕ್ಷರ ಲೋಪವಾಗುವ ಸೂತ್ರವನ್ನು ಯಾವ ವ್ಯಾಕರಣದಲ್ಲಿಯೂ ಓದಿರಲಿಲ್ಲ.

ಈ ಎರಡು ವಿದ್ಯಾಸಂಸ್ಥೆಗಳು ಮೊದಲು ಸೆಣಸಿದ್ದು 1897ರಲ್ಲಿ. ಈಗ ಪ್ರತಿವರ್ಷ ಹಬ್ಬದ ಮಗ್ಗುಲಿನ ಶನಿವಾರ ಈ ಪಂದ್ಯ. ಅದಕ್ಕೆ ಬೇರೆ ಹೆಸರೇ ಬೇಡ. ‘ಆ ಆಟ’ ಎಂದರೆ ಸಾಕು, ಮಗುವಿಗೂ ತಿಳಿಯುತ್ತದೆ.

ಫುಟ್‌ಬಾಲ್ ಎಂಬ ಹೆಸರನ್ನು ಕೇಳಿ ನಮ್ಮ ಕಾಲ್ಚೆಂಡಾಟವನ್ನು ನೆನೆಯಬಾರದು. ಇಲ್ಲಿ ಕಾಲಿಗೂ ಚೆಂಡಿಗೂ ಅಪರೂಪದ ನಂಟು. ನೂರು ಗಜದ ಬಯಲು, ಕಡೆಗೆ ಹನ್ನೊಂದು ಮಂದಿ. ಚೆಂಡು ಯಾರ ಕೈಯಲ್ಲಿದೆಯೋ ಅವರು ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲವಾದರೆ ಚೆಂಡು ಪರರದು. ಕೊನೆಯ ಗೆರೆಯನ್ನು ದಾಟಿದರೆ ಆರು ಅಂಕ, ಕಂಬಗಳ ನಡುವೆ ಒದ್ದರೆ ಮೂರು. ಇಷ್ಟು ತಿಳಿದರೆ ಉಳಿದದ್ದೆಲ್ಲ ಕಬಡ್ಡಿಯನ್ನು ಬಲ್ಲವನಿಗೆ ಅರ್ಥವಾಗುತ್ತದೆ: ನೆಲವನ್ನು ಗೇಣುಗೇಣಾಗಿ ಗೆಲ್ಲುವ ಕೆಲಸ, ನಡುವೆ ಹಿಡಿದು ಕೆಡವುವ ಕೆಲಸ.

ಶುಕ್ರವಾರ ರಾತ್ರಿ ಜಾರ್ಜಿಯಾ ವಿಶ್ವವಿದ್ಯಾನಿಲಯಕ್ಕೂ ಅದೇ ಸಂಸ್ಥಾನದ ಜಾರ್ಜಿಯಾ ಟೆಕ್ ಸಂಸ್ಥೆಗೂ ನಡೆದ ಪಂದ್ಯವನ್ನು ಟೆಲಿವಿಷನ್ನಿನಲ್ಲಿ ನೋಡಿದೆವು. ಅರ್ಧ ಕಾಲ ಕಳೆದಾಗ 17–0 ಹಿಂದಿದ್ದ ಜಾರ್ಜಿಯಾ ಕೊನೆಯಲ್ಲಿ 27–27ಕ್ಕೆ ಸಮ ಮಾಡಿತು. ಆಮೇಲೆ ಹೆಚ್ಚುವರಿ ಸುತ್ತುಗಳು. ಮೂರನೆಯ ಸುತ್ತಿನಿಂದ ಮೂರು ಗಜ ದೂರದಿಂದ ಒಂದೊಂದೇ ಪ್ರಯತ್ನ. ಅವರೂ ತಪ್ಪುವರು, ಇವರೂ ತಪ್ಪುವರು. ಅವರೂ ಗೆಲ್ಲುವರು, ಇವರೂ ಗೆಲ್ಲುವರು. ಎಂಟನೆಯ ಸುತ್ತಿನಲ್ಲಿ 44–42ರಿಂದ ಜಾರ್ಜಿಯಾ ಉಳಿದುಕೊಂಡಾಗ ನಡುರಾತ್ರಿಯ ಹೊತ್ತು. ಎರಡು ಪಕ್ಷಗಳಲ್ಲಿ ಯಾವುದರ ಹಂಗೂ ಇಲ್ಲದ ನಾನು ಕುರ್ಚಿಯ ಅಂಚಿಗೆ ಬಂದಿದ್ದೆ.

ಮಗಳ ನೆರೆಮನೆಯಲ್ಲಿ ಎಂಬತ್ತರ ಹತ್ತಿರದ ವೃದ್ಧರೊಬ್ಬರಿದ್ದಾರೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ಮಾತೆತ್ತಿದರೆ ‘ನಮ್ಮ ವಿಶ್ವವಿದ್ಯಾನಿಲಯ’ ಎನ್ನುವರು. 1950ರ ಹಬ್ಬದ ಶನಿವಾರ ಇದೇ ಊರಿನಲ್ಲಿ ಹಿಮದ ಬಿರುಗಾಳಿಯ ನಡುವೆ ಈ ಪಂದ್ಯ ನಡೆಯಿತು. ಅವರ ತಂದೆ ಅದನ್ನು ನೋಡಲು ಹೋಗಿದ್ದರಂತೆ. ಗೆರೆಗಳೆಲ್ಲ ಹಿಮದಲ್ಲಿ ಮುಚ್ಚಿಹೋಗಿ, ಚೆಂಡನ್ನು ಕೈಯಲ್ಲಿ ಹಿಡಿಯಲಾರದೆ ಎರಡು ಪಕ್ಷದವರೂ ಸೇರಿ ನಲವತ್ತೈದು ಸಲ ಅದನ್ನು ಒದ್ದು ಪರರಿಗೆ ಒಪ್ಪಿಸಿದರು. ಮಿಷಿಗನ್ ಒಂದು ಸಲವೂ ಆ ಹತ್ತು ಗಜವನ್ನು ಪೂರೈಸದೆಯೇ 9–3ರಿಂದ ಗೆದ್ದಿತು. ವೃದ್ಧರು ಇದನ್ನು ಹೇಳುವಾಗಿನ ನೋವು, ತಂದೆಯ ಕಾಲದಲ್ಲಿ ಕೈಬಿಟ್ಟ ಜಮೀನಿನ ಮಾತನಾಡುವ ನಮ್ಮ ರೈತನ ನೋವಿನಂತಿತ್ತು.

ನನ್ನನ್ನು ಯೋಚನೆಗೆ ಹಚ್ಚಿದ್ದು ಇದು. ನಮ್ಮಲ್ಲಿ ವಿಶ್ವವಿದ್ಯಾನಿಲಯವೆಂಬುದು ಪದವಿ ಪಡೆದವನಿಗೆ ಸಂಬಂಧಿಸಿದ್ದು; ಪಡೆದವನೂ ಪ್ರಮಾಣಪತ್ರದ ನಕಲು ಬೇಕಾದಾಗ ಮಾತ್ರ ಅದನ್ನು ಸ್ಮರಿಸುತ್ತಾನೆ. ಅದರ ಗೋಡೆಯ ಹೊರಗೆ ಬಾಳುವವನಿಗೆ ಅದು ಬಸ್ಸಿನ ಒಂದು ನಿಲ್ದಾಣ. ಒಹಾಯೊದಲ್ಲಿ ಅದು ಓದದವನಿಗೂ ಆಸ್ತಿ. 1922ರಲ್ಲಿ ಕಟ್ಟಿದ, ಕುದುರೆಯ ಲಾಳದ ಆಕಾರದ ಅಲ್ಲಿನ ಕ್ರೀಡಾಂಗಣದಲ್ಲಿ ಈಗ ಲಕ್ಷಕ್ಕೂ ಮಿಕ್ಕಿದ ಜನ ಕುಳಿತುಕೊಳ್ಳುವರು. ಗ್ರಂಥಾಲಯಕ್ಕಾಗಿ, ಪ್ರಯೋಗಶಾಲೆಗಾಗಿ ಇಷ್ಟು ಜನ ಎಂದಾದರೂ ಸೇರುವರೆ ಎಂದು ಅಧ್ಯಾಪಕ ಮಿತ್ರರು ಕೇಳಬಹುದು. ಸೇರರು. ಆದರೆ ಈ ಅಭಿಮಾನವಿಲ್ಲದಿದ್ದರೆ ಆ ಕಾರ್ಖಾನೆಯ ಮನುಷ್ಯನ ನಾಲಗೆಯ ಮೇಲೆ ಒಂದು ವಿದ್ಯಾಪೀಠದ ಹೆಸರು ಬರುತ್ತಿತ್ತೆ? ನನಗೆ ಹೊಟ್ಟೆಕಿಚ್ಚಾಯಿತು ಎಂದೇ ಹೇಳಬೇಕು.

ಹೊಟ್ಟೆಕಿಚ್ಚು ಹೆಚ್ಚು ಹೊತ್ತು ನಿಲ್ಲಲಿಲ್ಲ. ಶುಕ್ರವಾರದ ಪಂದ್ಯವೊಂದರಲ್ಲಿ ಹುಡುಗನೊಬ್ಬ ಬಿದ್ದವನು ಏಳಲಿಲ್ಲ. ಇಪ್ಪತ್ತು ವರ್ಷವಿದ್ದೀತು. ಎರಡು ಪಕ್ಷದವರೂ ಒಂದು ಮೊಣಕಾಲೂರಿ ಕುಳಿತರು, ಕೊನೆಗೆ ಅವನು ಇಬ್ಬರ ಹೆಗಲ ಮೇಲೆ ಕೈಹಾಕಿ ಹೊರಗೆ ನಡೆದ, ಜನ ಚಪ್ಪಾಳೆ ತಟ್ಟಿದರು, ಆಟ ಮುಂದುವರಿಯಿತು. ಹತ್ತು ವರ್ಷದ ಮೊಮ್ಮಗ ಆ ಹೊತ್ತಿಗೇ ತನ್ನ ಶಾಲೆಯ ತಂಡಕ್ಕೆ ಸೇರುವ ಮಾತೆತ್ತಿದ. ವೈದ್ಯಳಾದ ನನ್ನ ಮಗಳು, “ಈ ಮನೆಯಲ್ಲಿ ನೋಡಬಹುದು, ಆಡುವಂತಿಲ್ಲ” ಎಂದಳು. ಅಳಿಯ ನನ್ನತ್ತ ತಿರುಗಿ, “ಮಾವ, ಇಷ್ಟು ಜನ ಆಡುತ್ತಾರಲ್ಲ, ನೀವೇ ಹೇಳಿ” ಎಂದರು.

ಹೇಳುವುದು ಸುಲಭವಾಗಿರಲಿಲ್ಲ. ಈ ಆಟದ ಚರಿತ್ರೆಯೇ ಪೆಟ್ಟಿನ ಚರಿತ್ರೆ. 1905ರಲ್ಲಿ ಹಲವು ಹುಡುಗರು ಮೈದಾನದ ಪೆಟ್ಟಿನಿಂದ ಸತ್ತಾಗ ರಾಷ್ಟ್ರಾಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಬೇಕಾಯಿತು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತು ಗುಂಪಿನ ನೂಕಾಟ ಸ್ವಲ್ಪ ಸಡಿಲಿತು. ಶಿರಸ್ತ್ರಾಣ ಕಡ್ಡಾಯವಾದದ್ದು 1939ರಲ್ಲಿ. ಆದರೆ ಶಿರಸ್ತ್ರಾಣ ತಲೆಬುರುಡೆಯನ್ನು ಕಾಯುತ್ತದೆ. ಬುರುಡೆಯೊಳಗೆ ಅಲುಗುವ ಮಿದುಳನ್ನು ಹಾಗೆ ಕಾಯಲಾರದು. 2017ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳು, ಕಾಲೇಜಿನ ಮಟ್ಟದವರೆಗೆ ಆಡಿದ್ದು ಸತ್ತ ಮೇಲೆ ಮಿದುಳನ್ನು ದಾನವಿತ್ತ 53 ಮಂದಿಯಲ್ಲಿ 48 ಮಂದಿಗೆ, ಪದೇ ಪದೇ ಬೀಳುವ ಪೆಟ್ಟಿನಿಂದ ಮಿದುಳು ಸವೆಯುವ ರೋಗವಿತ್ತೆಂದು ಪ್ರಕಟಿಸಿದರು. ತೊಂದರೆ ಕಂಡ ಮನೆಗಳವರೇ ಹೆಚ್ಚಾಗಿ ಹೀಗೆ ದಾನ ಕೊಡುವರಾದ್ದರಿಂದ ಈ ಲೆಕ್ಕ ಆಡಿದವರಿಗೆಲ್ಲ ಅನ್ವಯಿಸದು. ಮಗಳೇ ಇದನ್ನು ಒತ್ತಿ ಹೇಳಿದಳು. “ಆದರೂ ಬೇಡ, ಅಪ್ಪ” ಎಂದಳು. ನಾನು ಅವಳ ಪಕ್ಷ ಹಿಡಿದೆ. ಮೊಮ್ಮಗ ಆ ರಾತ್ರಿ ನನ್ನೊಡನೆ ಮಾತು ಬಿಟ್ಟ.

ಇನ್ನು ಹಣದ ಮಾತು. ಲಕ್ಷ ಜನ ದುಡ್ಡು ಕೊಟ್ಟು ನೋಡುವ ಆಟವನ್ನು ಆಡುವ ಹುಡುಗರಿಗೆ ಬಹುಕಾಲ ದೊರೆಯುತ್ತಿದ್ದದ್ದು ಶುಲ್ಕ, ಊಟ, ವಸತಿ. ಅವರು ಶುದ್ಧ ವಿದ್ಯಾರ್ಥಿಗಳು, ಕೂಲಿ ಮುಟ್ಟಿದರೆ ಮೈಲಿಗೆ ಎಂಬ ಮಡಿವಂತಿಕೆ. ಆ ಮಡಿ ತರಬೇತುಗಾರನಿಗೆ ಮಾತ್ರ ಇರಲಿಲ್ಲ. ಎಷ್ಟೋ ಸಂಸ್ಥಾನಗಳಲ್ಲಿ ಸರ್ಕಾರದ ಬೊಕ್ಕಸದ ಲೆಕ್ಕದಲ್ಲಿ ಅತಿ ಹೆಚ್ಚಿನ ಸಂಬಳ ರಾಜ್ಯಪಾಲನಿಗಲ್ಲ, ಕುಲಪತಿಗಲ್ಲ, ಕಾಲೇಜು ತಂಡದ ತರಬೇತುಗಾರನಿಗೆ! 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಈ ಮಡಿಯನ್ನು ಸಡಿಲಿಸಿದರು. ಅದೇ ಜುಲೈನಿಂದ ಹುಡುಗರು ತಮ್ಮ ಹೆಸರಿನಿಂದ, ಚಿತ್ರದಿಂದ ಸಂಪಾದಿಸಬಹುದಾಯಿತು. 2025ರ ಜೂನ್‌ನಲ್ಲಿ ಇನ್ನೊಂದು ನ್ಯಾಯಾಲಯ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾನಿಲಯಗಳೇ ತಮ್ಮ ಆಟಗಾರರಿಗೆಲ್ಲ ಸೇರಿ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರುಗಳವರೆಗೆ ಹಂಚಬಹುದು. ಇದರಿಂದ ಆಟದ ಪಾವಿತ್ರ್ಯ ಕೆಟ್ಟಿತೆಂದು ಮರುಗುವವರಿದ್ದಾರೆ. ನನಗೆ ಆ ಮರುಕವಿಲ್ಲ. ಮೈಯನ್ನು ಒಡ್ಡುವವನು ಕೂಲಿ ಕೇಳಿದರೆ ಕೆಡುವ ಪಾವಿತ್ರ್ಯ ಯಾರ ಉಪಯೋಗಕ್ಕಿತ್ತೆಂಬುದು ಸ್ಪಷ್ಟವಾಗಿದೆ.

ಶನಿವಾರ ಬಂತು. ಒಹಾಯೊ ಆ ಋತುವಿನಲ್ಲಿ ಹತ್ತು ಗೆದ್ದು ಒಂದು ಸೋತಿತ್ತು. ಮಿಷಿಗನ್ ಆರು ಗೆದ್ದು ಐದು ಸೋತಿತ್ತು. ಬಲ್ಲವರೆಲ್ಲ ಒಹಾಯೊಗೆ ಮೂರು ವರ್ಷದ ಸೇಡು ಸುಲಭವಾಗಿ ತೀರುವುದೆಂದಿದ್ದರು. ನೆರೆಯ ವೃದ್ಧರು ಕೆಂಪು ಟೋಪಿ ಧರಿಸಿ ನಮ್ಮ ಮನೆಗೇ ಬಂದು ಕುಳಿತರು. ಮಗಳು ಬಿಸಿಬೇಳೆ ಭಾತನ್ನು ಬಡಿಸಿದರೂ ಅವರ ಕಣ್ಣು ತಟ್ಟೆಯ ಮೇಲೆ ಬೀಳಲಿಲ್ಲ. ಅರ್ಧಕ್ಕೆ 10–10. ಆಮೇಲೆ ಒಹಾಯೊ ಒಂದು ಅಂಕವನ್ನೂ ಗಳಿಸಲಿಲ್ಲ. ನಲವತ್ತೈದು ಸೆಕೆಂಡು ಉಳಿದಿರುವಾಗ ಮಿಷಿಗನ್ನಿನ ಹುಡುಗ ಚೆಂಡನ್ನು ಕಂಬಗಳ ನಡುವೆ ಒದ್ದ. 13–10. ಗೆದ್ದವರು ತಮ್ಮ ಧ್ವಜವನ್ನು ಎದುರಾಳಿಯ ನೆಲದ ನಡುವೆ ನೆಡಲು ಹೋದರು, ಕೈಕೈ ಹತ್ತಿತು, ಪೋಲೀಸರು ಖಾರದ ದ್ರಾವಣವನ್ನು ಎರಚಿದರು. ಮುಂದೆ ಎರಡು ವಿಶ್ವವಿದ್ಯಾನಿಲಯಗಳಿಗೂ ತಲಾ ಲಕ್ಷ ಡಾಲರು ದಂಡ ಬಿತ್ತು. ವೃದ್ಧರು ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು.

ಆ ವರ್ಷ ರಾಷ್ಟ್ರೀಯ ಸ್ಪರ್ಧೆಗೆ ಹನ್ನೆರಡು ತಂಡಗಳನ್ನು ಸೇರಿಸುವ ಹೊಸ ಪದ್ಧತಿ ಬಂದಿತ್ತು. ಆದುದರಿಂದ ಸೋತ ಒಹಾಯೊಗೂ ಎಡೆ ದೊರೆತು, 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನಾಟರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ಇಡೀ ದೇಶಕ್ಕೇ ಮೊದಲಿನದಾಯಿತು. ಆಗ ನಾನು ಮೈಸೂರಿಗೆ ಮರಳಿದ್ದೆ. ಅಳಿಯ ದೂರವಾಣಿಯಲ್ಲಿ ಸುದ್ದಿ ಹೇಳಿದರು. “ನಿಮ್ಮ ನೆರೆಯ ಯಜಮಾನರಿಗೆ ಸಂತೋಷವಾಗಿರಬೇಕು” ಎಂದೆ.

“ಆಗಿದೆ, ಮಾವ. ಬೆಳಿಗ್ಗೆ ಅಭಿನಂದಿಸಲು ಹೋಗಿದ್ದೆ. ‘ಎಲ್ಲ ಸರಿ, ಮಿಷಿಗನ್ನಿಗೆ ಸೋಲಬಾರದಾಗಿತ್ತು’ ಎಂದರು.”