ಮುಂಜಾನೆ ಕೋಳಿಯ ಚೀಲ ಮುಟ್ಟಿ ನೋಡಿ

ಜತ್ತ: ತತ್ತಿ ಮಾರಿದ ರೊಕ್ಕವೇ ಕೈಖರ್ಚಾಗಿರುವ ಮನೆಯಲ್ಲಿ ಜವಾರಿ ಕೋಳಿ ಮೇಯುವುದು ಬಿಟ್ಟರೆ ಚಿಂತೆ ಸಣ್ಣದಲ್ಲ. 'ದೃಷ್ಟಿ ತಾಕೇತಿ' ಅನ್ನುವವರೂ ಇದ್ದಾರೆ. ಆದರೆ ಮೊದಲು ನೋಡಬೇಕಾದ್ದು ಕುತ್ತಿಗೆ ಬುಡದ ಕಾಳಿನ ಚೀಲ.

ಸಂಜೆ ತುಂಬಿದ ಈ ಚೀಲ ಬೆಳಗಾಗುವುದರೊಳಗೆ ಖಾಲಿಯಾಗಬೇಕು. ಕಾಳು ಹಾಕುವ ಮುಂಚೆ ಮುಟ್ಟಿದಾಗ ಗಟ್ಟಿ ಉಂಡೆ ಹತ್ತಿದರೆ ಒಣಹುಲ್ಲಿನ ಎಳೆಯೋ, ಗೋಣಿಚೀಲದ ದಾರವೋ ಒಳಗೆ ಸಿಕ್ಕಿಕೊಂಡಿರುತ್ತದೆ. ಚೀಲ ನೀರು ತುಂಬಿದಂತೆ ಮೆತ್ತಗಿದ್ದು ಬಾಯಿಂದ ಹುಳಿ ನಾತ ಬಂದರೆ ಬೂಷ್ಟಿನ ಸೋಂಕು. ಅದಕ್ಕೆ ಡಾಕ್ಟರ ಔಷಧವೇ ಬೇಕು.

ಗಟ್ಟಿಯಿದ್ದರೆ ಆ ದಿನ ಕಾಳು ಬಂದ್, ನೀರಷ್ಟೇ. ಕೊಕ್ಕಿನ ಬದಿಯಿಂದ ಹನಿಹನಿಯಾಗಿ ಅರ್ಧ ಚಮಚ ಅಡುಗೆ ಎಣ್ಣೆ ಬಿಟ್ಟು ಚೀಲ ಹಗುರಾಗಿ ತಿಕ್ಕಬೇಕು. ಕಾಲು ಹಿಡಿದು ತಲೆಕೆಳಗು ಮಾಡಿ ಹಿಂಡುವುದು ಮಾತ್ರ ಬೇಡವೇ ಬೇಡ. ಒಳಗಿನ ನೀರು ಉಸಿರಿನ ನಳಿಗೆಗೆ ಇಳಿದು ಕೋಳಿ ಕೈಯಲ್ಲೇ ಸಾಯಬಹುದು. ಮರುದಿನವೂ ಕರಗದಿದ್ದರೆ ದನದ ದವಾಖಾನೆಗೆ ಒಯ್ಯಿರಿ. ಚೀಲ ಕೊಯ್ದು, ಉಂಡೆ ತೆಗೆದು ಹೊಲಿಯಲು ಬರುತ್ತದೆ.

ಹಸಿರು ಹಿಕ್ಕೆ, ತಿರುಚಿದ ಕತ್ತು ಕಂಡರೆ ಎಣ್ಣೆ ತಿಕ್ಕುತ್ತ ಕೂಡಬಾರದು. ಅದು ರಾಣಿಖೇತ, ಮರಾಠಿಯವರ 'ಮಾನಮೋಡಿ' ಇರಬಹುದು. ಹತ್ತಿದ ಮೇಲೆ ಔಷಧವಿಲ್ಲ, ಮುಂಚೆ ಲಸಿಕೆಯೊಂದೇ. ಆ ಕೋಳಿಯನ್ನು ಕೂಡಲೇ ಬೇರೆ ಕಟ್ಟಿ ಡಾಕ್ಟರಿಗೆ ತಿಳಿಸಬೇಕು, ಸಂತೆಗಂತೂ ಒಯ್ಯಬಾರದು.