ಮೂರು ದೇಶಗಳು ಸೇರಿ ಹಾಕುವ ಅರ್ಜಿ

ಐರೋಪ್ಯ ಒಕ್ಕೂಟದ ಸಂಶೋಧನಾ ಅನುದಾನ ಕಾರ್ಯಕ್ರಮ ‘ಹೊರೈಜನ್ ಯುರೋಪ್’ನಲ್ಲಿ ಸಾರಿಗೆ ಸಂಶೋಧನೆಗೆ ಹಣ ಕೇಳುವವರು ಸಾಮಾನ್ಯವಾಗಿ ಒಂಟಿಯಾಗಿ ಅರ್ಜಿ ಹಾಕುವಂತಿಲ್ಲ. ಮೂರು ಬೇರೆ ಬೇರೆ ದೇಶಗಳ ಮೂರು ಸಂಸ್ಥೆಗಳಾದರೂ ಜೊತೆಗೂಡಬೇಕು. ಒಂದಾದರೂ ಸದಸ್ಯ ದೇಶದ್ದಾಗಿರಬೇಕು. ಮೇಲ್ನೋಟಕ್ಕೆ ಇದು ಕಚೇರಿಯ ಕಿರಿಕಿರಿ. ಆದರೆ ಸಾರಿಗೆಯ ಮಟ್ಟಿಗೆ ಆ ಅರ್ಜಿಯಲ್ಲಿ ನಿಜಕ್ಕೂ ಅರ್ಥವಿರುವ ಷರತ್ತು ಇದೊಂದೇ ಎನ್ನಬೇಕು.

ಯುರೋಪಿನ ರೈಲುಗಳು ಬೆಳೆದದ್ದು ಆಯಾ ದೇಶದ ಸ್ವತ್ತಾಗಿ. ವಿದ್ಯುತ್ ಪೂರೈಕೆ, ಸಿಗ್ನಲ್, ಚಾಲನಾ ನಿಯಮ ಎಲ್ಲವೂ ಗಡಿ ದಾಟಿದರೆ ಬೇರೆ. ಪ್ಯಾರಿಸ್, ಬ್ರಸೆಲ್ಸ್, ಕಲೋನ್, ಆಮ್‌ಸ್ಟರ್‌ಡ್ಯಾಂ ನಡುವೆ ಓಡುತ್ತಿದ್ದ ಥಾಲಿಸ್ ರೈಲು ಏಳು ಬಗೆಯ ನಿಯಂತ್ರಣ ಸಾಧನಗಳನ್ನು ಹೊತ್ತು ತಿರುಗಬೇಕಿತ್ತು. ಇಂಥ ತೊಡಕನ್ನು ಒಂದೇ ದೇಶದ ಪ್ರಯೋಗಾಲಯ ಬಿಡಿಸಲಾರದು. ಹೊರೈಜನ್‌ನ ಪೂರ್ವಜವಾದ ಒಕ್ಕೂಟದ ಮೊದಲ ಸಂಶೋಧನಾ ಚೌಕಟ್ಟು ಕಾರ್ಯಕ್ರಮ ಶುರುವಾದದ್ದು 1984ರಲ್ಲಿ. ಅದಕ್ಕೆ ಒಪ್ಪಂದದ ಆಸರೆ ಸಿಕ್ಕಿದ್ದು 1987ರಲ್ಲಿ ಏಕ ಐರೋಪ್ಯ ಕಾಯ್ದೆ ಜಾರಿಯಾದಾಗ. 1994ರ ನಾಲ್ಕನೆಯ ಕಾರ್ಯಕ್ರಮದಲ್ಲಿ ಸಾರಿಗೆಗೆ ಪ್ರತ್ಯೇಕ ವಿಭಾಗವೇ ಬಂತು. ಗಡಿಯಾಚೆಗಿನವರೊಂದಿಗೆ ಕೂತು ಬರೆಯಿರಿ ಎಂಬ ನಿಯಮದ ಹಿಂದಿನ ತರ್ಕ ಇಷ್ಟೇ: ಸಮಸ್ಯೆ ಗಡಿಯಲ್ಲಿದೆ. ರೈಲುಗಳಿಗೆ ಸಮಾನ ಸಿಗ್ನಲ್ ವ್ಯವಸ್ಥೆಯಾದ ಇಟಿಸಿಎಸ್ ರೂಪುಗೊಂಡದ್ದೂ ಇಂಥ ಜಂಟಿ ದುಡಿಮೆಯಿಂದಲೇ. ಅದರ ಅಳವಡಿಕೆ ಆಮೆ ನಡಿಗೆಯಲ್ಲಿದೆ ಎಂಬುದು ಬೇರೆ ಮಾತು. ಆ ತಪ್ಪು ಸಂಶೋಧನೆಯದ್ದಲ್ಲ, ಹಳೆಯ ಹಳಿಗೆ ಹೊಸ ಖರ್ಚು ಮಾಡಲು ಹಿಂಜರಿಯುವ ಸರ್ಕಾರಗಳದ್ದು.

ಆಕ್ಷೇಪಗಳು ಹುಸಿಯಲ್ಲ. ಹಿಂದಿನ ‘ಹೊರೈಜನ್ 2020’ರಲ್ಲಿ ಗೆದ್ದ ಅರ್ಜಿಗಳು ಸುಮಾರು ಶೇ 12; ಉಳಿದವರ ತಿಂಗಳುಗಟ್ಟಲೆ ಶ್ರಮ ನೀರುಪಾಲು. ಅರ್ಜಿ ಬರೆದುಕೊಡುವ ಸಲಹೆಗಾರರದ್ದೇ ಒಂದು ಉದ್ಯಮವಾಯಿತು. ಉತ್ಕೃಷ್ಟತೆ, ಪರಿಣಾಮ, ಅನುಷ್ಠಾನ ಎಂಬ ಮೂರು ಮಾನದಂಡಗಳಿಗೆ ತಲಾ ಐದು ಅಂಕ. ಅರ್ಧ ಅಂಕದಲ್ಲಿ ಸೋತವರಿಗೆ ಹಿಂಬರಹವೊಂದೇ ಸಮಾಧಾನ. ಆದರೆ ಇದು ಪುಟಗಳ ಹೊರೆಯ ಮತ್ತು ಹಣದ ಅಭಾವದ ದೋಷ, ಮೂರು ದೇಶಗಳ ಷರತ್ತಿನದ್ದಲ್ಲ. ಪುಟಮಿತಿ 70ರಿಂದ 45ಕ್ಕೆ ಇಳಿದದ್ದು, ಖರ್ಚಿನ ಚೀಟಿ ಕೇಳದೆ ಒಟ್ಟು ಮೊತ್ತ ನಿಗದಿ ಮಾಡುವ ಪದ್ಧತಿ ಬಂದದ್ದು ಸರಿಯಾದ ದಿಕ್ಕಿನ ತಿದ್ದುಪಡಿಗಳೇ. ಅನುದಾನ ಮುಗಿದೊಡನೆ ಯೋಜನೆಯೂ ಮಲಗುತ್ತದೆ ಎಂಬ ದೂರೂ ಇದೆ. ‘ಸಿಟಿಮೊಬಿಲ್2’ ಯೋಜನೆ ಗ್ರೀಸಿನ ಟ್ರಿಕಲಾ ಪಟ್ಟಣದಲ್ಲಿ 2015ರ ಕೊನೆಯಲ್ಲಿ ಓಡಿಸಿದ ಚಾಲಕರಹಿತ ಪುಟ್ಟ ಬಸ್ಸುಗಳು ಕೆಲವೇ ತಿಂಗಳಲ್ಲಿ ನಿಂತವು, ನಿಜ. ಆದರೆ ಅವುಗಳನ್ನು ರಸ್ತೆಗಿಳಿಸಲು ಗ್ರೀಸ್ ತನ್ನ ಕಾನೂನನ್ನೇ ಬದಲಿಸಬೇಕಾಯಿತು. ನನಗೆ ಬಸ್ಸಿಗಿಂತ ಅದೇ ದೊಡ್ಡ ಫಲ.

ನಮ್ಮವರ ಪಾಲೇನು? 2013ರವರೆಗಿನ ಏಳನೆಯ ಕಾರ್ಯಕ್ರಮದಲ್ಲಿ ಭಾರತೀಯ ಸಂಸ್ಥೆಗಳಿಗೂ ಹಣ ಸಿಗುತ್ತಿತ್ತು. 2014ರಿಂದ ಅದು ತಾನಾಗಿ ಸಿಗುವುದಿಲ್ಲ. ಅರ್ಜಿ ಕರೆಯುವ ಪ್ರಕಟಣೆಯೇ ವಿನಾಯಿತಿ ಕೊಡದಿದ್ದರೆ ಸಾಮಾನ್ಯವಾಗಿ ಸ್ವಂತ ಹಣದಲ್ಲೇ ಜೊತೆಗೂಡಬೇಕು. ಸಂಶೋಧಕರು ವೈಯಕ್ತಿಕವಾಗಿ ಹೋಗುವುದಾದರೆ ಒಕ್ಕೂಟದ ಮರೀ ಕ್ಯೂರಿ ಫೆಲೋಶಿಪ್‌ಗೆ ರಾಷ್ಟ್ರೀಯತೆಯ ಅಡ್ಡಿಯಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಕೂತು ಇಂಥ ಅರ್ಜಿಗೆ ಕೈಹಾಕುವವರು ಅನುದಾನದ ಅರ್ಹತೆಯ ಷರತ್ತನ್ನು ಮೊದಲು ಓದಿ, ವಿಷಯ ಸೂಚಿಯನ್ನು ಆಮೇಲೆ ತೆರೆಯಲಿ.