ನಿಮಗಿದು ಗೊತ್ತೆ? ಕಿವಿ ಕಚ್ಚಿದ ಪಂದ್ಯದ ರೆಫರಿ, ವೃತ್ತಿಯಲ್ಲಿ ಜಡ್ಜ್!

1997ರ ಜೂನ್ 28. ಲಾಸ್ ವೇಗಸ್‌ನ ಬಾಕ್ಸಿಂಗ್ ರಿಂಗ್‌ನಲ್ಲಿ ಮೈಕ್ ಟೈಸನ್ ಎದುರಾಳಿ ಇವಾಂಡರ್ ಹೋಲಿಫೀಲ್ಡ್‌ನ ಕಿವಿಯನ್ನೇ ಕಚ್ಚಿದ. ಅದೂ ಒಂದಲ್ಲ, ಎರಡು ಸಲ! ಮೊದಲ ಸಲ ಎರಡು ಅಂಕ ಕಡಿತ, ಮತ್ತೆ ಕಚ್ಚಿದ್ದಕ್ಕೆ ಟೈಸನ್ ಅನರ್ಹ. ಈ ತೀರ್ಪು ಕೊಟ್ಟ ಬೋಳುತಲೆಯ ಗಿಡ್ಡ ರೆಫರಿಯೇ ಮಿಲ್ಸ್ ಲೇನ್. ತಮಾಷೆಯೆಂದರೆ, ಆ ದಿನ ರಿಂಗ್‌ಗೆ ಇಳಿಯಬೇಕಿದ್ದವರು ಇವರಲ್ಲ. ಮೊದಲು ಗೊತ್ತಾಗಿದ್ದ ರೆಫರಿಗೆ ಟೈಸನ್ ಕಡೆಯವರೇ ತಕರಾರು ತೆಗೆದದ್ದರಿಂದ ಲೇನ್ ಬಂದರು. ಬೇಡಿ ಪಡೆದ ಪ್ರಸಾದ ಅನ್ನಿ.

ಜಾರ್ಜಿಯಾದ ಬ್ಯಾಂಕರ್ ಮನೆತನದ ಹುಡುಗ ಲೇನ್ ಬ್ಯಾಂಕಿನ ಕುರ್ಚಿ ಬಿಟ್ಟು ಮರೀನ್ ಸೈನಿಕರಾದರು. ನೆವಾಡ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ 1960ರಲ್ಲಿ ಅಮೆರಿಕದ ಕಾಲೇಜು ಬಾಕ್ಸಿಂಗ್ ಚಾಂಪಿಯನ್ ಆದರು. ಆಮೇಲೆ ಕಾನೂನು ಓದಿ ವಾಷೊ ಕೌಂಟಿಯಲ್ಲಿ ಸರ್ಕಾರಿ ವಕೀಲರಾದರು, ಶೆರಿಫ್ ಕಚೇರಿಯಲ್ಲಿ ತನಿಖಾ ವಿಭಾಗ ನೋಡಿಕೊಂಡರು, 1982ರಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿಯಾಗಿ ಗೆದ್ದರು, 1990ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿಯೂ ಆಯ್ಕೆಯಾದರು. ಅಲ್ಲಿ ಈ ಹುದ್ದೆಗಳಿಗೂ ಚುನಾವಣೆಯೇ! ವಾರದ ದಿನಗಳಲ್ಲಿ ಕೋರ್ಟು, ಬಿಡುವಿನಲ್ಲಿ ರಿಂಗು.

ಟೈಸನ್ ಕಚ್ಚಿದ್ದು ಲೇನ್‌ಗೆ ಲಾಭವಾಯಿತು. ಮರುವರ್ಷವೇ ಟಿವಿಯವರು ಬಂದರು: 1998ರಿಂದ 2001ರವರೆಗೆ ‘ಜಡ್ಜ್ ಮಿಲ್ಸ್ ಲೇನ್’ ಎಂಬ ಕೋರ್ಟ್ ಕಾರ್ಯಕ್ರಮ ನಡೆಯಿತು. ಎಂಟಿವಿಯ ಜೇಡಿಮಣ್ಣಿನ ಗೊಂಬೆಗಳ ಕುಸ್ತಿಯಲ್ಲೂ ಅವರದೇ ಗೊಂಬೆ ರೆಫರಿ, ದನಿಯೂ ಅವರದೇ. ಪಂದ್ಯ ಶುರುಮಾಡಲು ಅವರು ಕೂಗುತ್ತಿದ್ದ ‘ಲೆಟ್ಸ್ ಗೆಟ್ ಇಟ್ ಆನ್’ ಅಲ್ಲೂ ಮೊಳಗಿತು. 2002ರಲ್ಲಿ ಪಾರ್ಶ್ವವಾಯು ಬಡಿದು ಆ ದನಿ ನಿಂತಿತು. ಲೇನ್ ತೀರಿಕೊಂಡದ್ದು 2022ರ ಡಿಸೆಂಬರ್‌ನಲ್ಲಿ.

ಅಂದಹಾಗೆ, ಕಿವಿ ಪಂದ್ಯದಲ್ಲಿ ರಕ್ತದ ಕಲೆಯಾದ ಅವರ ಅಂಗಿಯನ್ನು ಸಂಗ್ರಾಹಕರೊಬ್ಬರು ಕೊಂಡುಕೊಂಡರು!